ಮಹಾರಾಣಿಯ ಬೋಗಿಯಲ್ಲೊಂದು ಅಡುಗೆಮನೆ

1897ರ ಫೆಬ್ರವರಿಯಲ್ಲಿ ಮೈಸೂರಿನ ಹಳೆಯ ಅರಮನೆ ಸುಟ್ಟುಹೋಯಿತು. ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಬೆಂಕಿ ಬಿದ್ದಿತು. ಕಂಬ, ತೊಲೆ, ಅಟ್ಟ ಎಲ್ಲವೂ ಮರದ್ದೇ ಆಗಿದ್ದ ಅರಮನೆ ಅದು. ರಾಜಮನೆತನ ಜಗನ್ಮೋಹನ ಅರಮನೆಗೆ ವಾಸ ಬದಲಿಸಿತು. ಇನ್ನೊಮ್ಮೆ ಬೆಂಕಿಗೆ ಸಿಗದ ಹಾಗೆ ಕಲ್ಲು, ಇಟ್ಟಿಗೆ, ಕಬ್ಬಿಣ ಬಳಸಿ ಹೊಸದನ್ನು ಕಟ್ಟುವ ಕೆಲಸ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಪಾಲಿಗೆ ಬಂತು. ಈಗ ದಸರೆಗೆ ಹೋದಾಗ ನಾವು ಬಾಯಿ ಬಿಟ್ಟು ನೋಡುವ ಆ ಅರಮನೆ ಮುಗಿದದ್ದು 1912ರಲ್ಲಿ.

ಈ ನಡುವೆ, 1899ರಲ್ಲಿ, ಅರಮನೆಯವರಿಗೆ ಮತ್ತೊಂದು ಮರದ ಮನೆ ಸಿದ್ಧವಾಯಿತು. ಅದಕ್ಕೆ ಅಡಿಪಾಯ ಇರಲಿಲ್ಲ, ಗಾಲಿಗಳಿದ್ದವು. ಮಹಾರಾಜರಿಗೊಂದು, ಮಹಾರಾಣಿಯವರಿಗೊಂದು ಸಲೂನ್ ಬೋಗಿ. ಮಹಾರಾಜರ ಸಲೂನ್ ಇವತ್ತು ದೆಹಲಿಯ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿದೆ. ಮಹಾರಾಣಿಯವರದ್ದು ಮೈಸೂರಿನಲ್ಲೇ ಉಳಿದಿದೆ, ಕೆಆರ್‌ಎಸ್ ರಸ್ತೆಯ ರೈಲು ಮ್ಯೂಸಿಯಂನಲ್ಲಿ, ಆಹಾರ ಸಂಶೋಧನಾಲಯದ ಎದುರಿಗೆ.

1899 ಎಂಬ ಇಸವಿಯನ್ನು ಸುಮ್ಮನೆ ದಾಟಿ ಹೋಗಬಾರದು. ಹತ್ತನೇ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಂಟಲಮಾರಿಗೆ ತುತ್ತಾಗಿ ತೀರಿಕೊಂಡಿದ್ದರು. ಮಗ ನಾಲ್ವಡಿ ಕೃಷ್ಣರಾಜರು ಹುಟ್ಟಿದ್ದು 1884ರ ಜೂನಿನಲ್ಲಿ. ಅಂದರೆ ಸಲೂನ್ ತಯಾರಾದಾಗ ಮಹಾರಾಜರಿಗೆ ಹದಿನೈದರ ಆಸುಪಾಸು. ರಾಜ್ಯ ನಡೆಸುತ್ತಿದ್ದವರು ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಅವರ ಜೊತೆಗೆ ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ರೀಜೆನ್ಸಿ ಕೌನ್ಸಿಲ್. ಆ ಕೌನ್ಸಿಲ್‌ನಲ್ಲಿ ಕೂತಿದ್ದವರಲ್ಲಿ ಒಬ್ಬರು ನಮ್ಮ ಯಳಂದೂರಿನ ಜಹಗೀರುದಾರರು, ದಿವಾನ್ ಪೂರ್ಣಯ್ಯನವರ ವಂಶದ ಪಿ.ಎನ್. ಕೃಷ್ಣಮೂರ್ತಿ. 1901ರಲ್ಲಿ ಶೇಷಾದ್ರಿ ಅಯ್ಯರ್ ನಂತರ ದಿವಾನರಾದವರೂ ಇವರೇ. ಹಾಗಾಗಿ ಮೈಸೂರಿನ ಮ್ಯೂಸಿಯಂನಲ್ಲಿರುವ ಆ ಬೋಗಿಯನ್ನು ‘ರಾಣಿಯ ವೈಭೋಗ’ ಎಂದಷ್ಟೇ ಕರೆದು ಮುಂದೆ ಹೋಗುವುದು ಅನ್ಯಾಯ. ಆ ವರ್ಷ ಮೈಸೂರಿಗೆ ಮಹಾರಾಣಿ ಎಂದರೆ ರಾಜ್ಯವಾಳುತ್ತಿದ್ದ ಹೆಂಗಸು.

ಸಲೂನ್ ಎಂದ ಕೂಡಲೇ ಎಲ್ಲರೂ ಚಿನ್ನ, ದಂತ ಎನ್ನುತ್ತಾರೆ. ದೆಹಲಿಯ ಬೋಗಿಯಲ್ಲಿ ಅದು ಇದೆ ಕೂಡ: ಹದವಾಗಿ ಒಣಗಿಸಿದ ತೇಗದ ಮೈ, ಅದರ ಮೇಲೆ ಚಿನ್ನದ ಗೆರೆ, ದಂತದ ಕುಸುರಿ. ಆದರೆ ಮೈಸೂರಿನ ಬೋಗಿಯನ್ನು ನೋಡಿದವರಿಗೆ ನಿಜವಾದ ಐಷಾರಾಮ ಯಾವುದು ಎಂದು ಬೇರೆ ಕಡೆಯಿಂದ ಗೊತ್ತಾಗುತ್ತದೆ. ಅಲ್ಲಿ ಅಡುಗೆಮನೆಯಿದೆ, ಊಟದ ಜಾಗವಿದೆ, ಶೌಚಾಲಯವಿದೆ. ಇದರಲ್ಲಿ ಏನು ದೊಡ್ಡಸ್ತಿಕೆ ಎಂದು ಇವತ್ತಿನವರು ಕೇಳಬಹುದು. ಕೇಳಲಿ. ಆ ಕಾಲದ ಮೂರನೇ ದರ್ಜೆಯ ಬೋಗಿಯಲ್ಲಿ ಶೌಚಾಲಯವೇ ಇರುತ್ತಿರಲಿಲ್ಲ. ಸ್ಟೇಷನ್ ಬಂದಾಗ ಇಳಿದು ಓಡಬೇಕು, ಗಾರ್ಡ್ ಸೀಟಿ ಊದುವುದರೊಳಗೆ ವಾಪಸ್ ಓಡಿ ಬರಬೇಕು. 1909ರಲ್ಲಿ ಬಂಗಾಳದ ಕಡೆಯ ಒಖಿಲ್ ಚಂದ್ರ ಸೇನ್ ಎಂಬಾತ ಹಲಸಿನ ಹಣ್ಣು ತಿಂದು ಹೊಟ್ಟೆ ಕೆಡಿಸಿಕೊಂಡು, ಅಹ್ಮದಪುರ ಸ್ಟೇಷನ್ನಿನಲ್ಲಿ ಇಳಿದು, ಒಂದು ಕೈಯಲ್ಲಿ ಚೊಂಬು ಇನ್ನೊಂದು ಕೈಯಲ್ಲಿ ಪಂಚೆ ಹಿಡಿದು ರೈಲಿನ ಹಿಂದೆ ಓಡಿ ಪ್ಲಾಟ್‌ಫಾರ್ಮಿನ ಮೇಲೆ ಎಲ್ಲರೆದುರು ಬಿದ್ದ. ಆ ಸಿಟ್ಟಿಗೆ ಸಾಹಿಬ್‌ಗಂಜ್ ರೈಲ್ವೆ ಕಚೇರಿಗೆ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಒಂದು ದೂರು ಬರೆದ. ಬಡವರ ಬೋಗಿಗೂ ಶೌಚಾಲಯ ಬಂದದ್ದು ಆ ಪತ್ರದ ದೆಸೆಯಿಂದ ಎಂದು ರೈಲ್ವೆಯವರೇ ಹೇಳಿಕೊಳ್ಳುತ್ತಾರೆ. ಆ ಪತ್ರವನ್ನು ಜನ ನೋಡಲೆಂದು ಇಟ್ಟಿರುವುದೂ ದೆಹಲಿಯ ಅದೇ ಮ್ಯೂಸಿಯಂನಲ್ಲಿ. ಮೈಸೂರು ಮಹಾರಾಜರ ದಂತದ ಬೋಗಿಯೂ ಸೇನ್ ಮಹಾಶಯನ ಚೊಂಬಿನ ಪತ್ರವೂ ಒಂದೇ ಆವರಣದಲ್ಲಿವೆ. ಎರಡನ್ನೂ ಒಟ್ಟಿಗೆ ನೋಡದವರಿಗೆ ಸಲೂನ್ ಅರ್ಧ ಮಾತ್ರ ಅರ್ಥವಾಗುತ್ತದೆ.

ಅಡುಗೆಮನೆಯ ಕಥೆಯೂ ಅಷ್ಟೇ. ಮಡಿ ಮೈಲಿಗೆ ಕಟ್ಟುನಿಟ್ಟಾಗಿದ್ದ ಕಾಲ. ಅರಮನೆಯವರು ಸ್ಟೇಷನ್ನಿನ ತಿಂಡಿಗೆ ಕೈ ಚಾಚುವಂತಿರಲಿಲ್ಲ, ಎಲ್ಲೆಂದರಲ್ಲಿ ನೀರು ಕುಡಿಯುವಂತಿರಲಿಲ್ಲ. ಅಡುಗೆಯವರು, ಪಾತ್ರೆ, ಸೌದೆ, ನೀರು ಎಲ್ಲವೂ ಜೊತೆಗೇ ಬರಬೇಕು. ಹೆಂಗಸರು ಹೊರಗಿನವರ ಕಣ್ಣಿಗೆ ಬೀಳದಂತೆ ಇಳಿದು ಹತ್ತಬೇಕು. ಮೀಟರ್‌ಗೇಜ್ ಬೋಗಿಯ ಅಗಲ ಎಂಟೊಂಬತ್ತು ಅಡಿ. ಅಷ್ಟರೊಳಗೆ ಮಲಗುವ ಕೋಣೆ, ಕೂರುವ ಜಾಗ, ಒಲೆ, ಸ್ನಾನದ ಕೋಣೆ, ಓಡಾಡಲು ದಾರಿ. ಅಲುಗಾಡುವ ನೆಲದ ಮೇಲೆ ಅನ್ನ ಬಸಿಯುವುದು ಹುಡುಗಾಟವಲ್ಲ. ಆ ಕೆಲಸ ಮಾಡಿದ ಅಡುಗೆಯವರ ಹೆಸರು ಯಾವ ಫಲಕದ ಮೇಲೂ ಬಂದಿಲ್ಲ. ಮರ ಕೊಯ್ದು, ಹೊಂದಿಸಿ, ದಂತ ಕೂರಿಸಿದ ಬಡಗಿಗಳಿಗೂ ಅದೇ ಗತಿ.

ಇನ್ನೊಂದು ಸೌಕರ್ಯವಂತೂ ಕಣ್ಣಿಗೇ ಕಾಣುವುದಿಲ್ಲ. ಬೆಂಗಳೂರಿಗೆ ಮದ್ರಾಸ್ ಕಡೆಯಿಂದ, ಜೋಲಾರಪೇಟೆಯ ಮೂಲಕ, 1864ರಲ್ಲಿ ಬಂದದ್ದು ಬ್ರಾಡ್‌ಗೇಜ್: ಹಳಿಯಿಂದ ಹಳಿಗೆ 5 ಅಡಿ 6 ಅಂಗುಲ. ಬೆಂಗಳೂರಿನಿಂದ ಮೈಸೂರಿಗೆ 1882ರಲ್ಲಿ ಮುಟ್ಟಿದ್ದು ಮೀಟರ್‌ಗೇಜ್. ಧಾತು ಈಶ್ವರದ ಬರ ಎಂದು ಹಳಬರು ನೆನೆಯುವ 1876-78ರ ಘೋರ ಕ್ಷಾಮದಲ್ಲಿ ಜನರಿಗೆ ಕೂಲಿ ಕೊಡಲೆಂದು ಶುರುವಾದ ಕೆಲಸ ಅದು; ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮುಗಿಯಿತು. ಹಸಿದವರು ಮಣ್ಣು ಹೊತ್ತು ಹಾಕಿದ ಏರಿಯ ಮೇಲೆಯೇ ಮುಂದೆ ಈ ಸಲೂನ್‌ಗಳು ಓಡಿದವು. ಹಳಿಯ ಅಳತೆ ಬೇರೆಯಾದ್ದರಿಂದ ಮೈಸೂರಿನಿಂದ ಮದ್ರಾಸಿಗೆ ಹೊರಟ ಸಾಮಾನ್ಯ ಪ್ರಯಾಣಿಕ ಬೆಂಗಳೂರಿನಲ್ಲಿ ಗಂಟುಮೂಟೆ ಸಮೇತ ಇಳಿದು, ಕಾದು, ಬೇರೆ ರೈಲು ಹತ್ತಬೇಕಿತ್ತು. ಅರಮನೆಯವರು ಯಾರದೋ ವೇಳಾಪಟ್ಟಿಗೆ ಕಾಯಬೇಕಾಗಿರಲಿಲ್ಲ. ಅವರ ಬೋಗಿ ಯಾವ ರೈಲಿಗೆ ಸೇರಬೇಕು, ಎಲ್ಲಿ ಕಳಚಿಕೊಳ್ಳಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಮೊದಲೇ ನಿಗದಿಯಾಗುತ್ತಿತ್ತು. ರೈಲು ಎಲ್ಲರನ್ನೂ ಒಂದೇ ಹಳಿಯ ಮೇಲೆ ಕೂರಿಸಿತು ಎನ್ನುವವರಿದ್ದಾರೆ. ಹಳಿಯೇನೋ ಒಂದೇ, ಸಮಯ ಒಂದೇ ಆಗಿರಲಿಲ್ಲ.

ನಮ್ಮ ಚಾಮರಾಜನಗರ ಜಿಲ್ಲೆಗೆ ರೈಲು ಬಂದ ರೀತಿ ನಿಧಾನದ್ದು. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿ ಬಂತು. ಅಲ್ಲಿಂದ ಕವಲಂದೆ, ಬದನಗುಪ್ಪೆ, ಮರಿಯಾಲ ದಾಟಿ ಚಾಮರಾಜನಗರ ಸೇರಲು 1926 ಆಯಿತು. ಮೂವತ್ತೈದು ಕಿಲೋಮೀಟರಿನಷ್ಟು ದಾರಿಗೆ ಮೂವತ್ತೈದು ವರ್ಷ. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆ ಹುಟ್ಟಿದ ಅರಿಕುಠಾರಕ್ಕೆ ಅವರದೇ ಹೆಸರಿಟ್ಟು, ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿ ಒಂದು ಶತಮಾನ ಕಳೆದ ಮೇಲೆ ಆ ಊರಿಗೆ ಉಗಿಬಂಡಿ ಬಂತು. ಈ ದಾರಿಯಲ್ಲೊಂದು ಅಪರೂಪದ ವಸ್ತುವಿತ್ತು: ನಂಜನಗೂಡಿನ ಕಪಿಲಾ ನದಿಯ ಮೇಲಿನ ಹಳೆಯ ಕಲ್ಲಿನ ಸೇತುವೆ. 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ್ದು, ಅಂದರೆ ಜಗತ್ತಿನಲ್ಲಿ ಉಗಿಬಂಡಿ ಎಂಬುದು ಹುಟ್ಟುವುದಕ್ಕೂ ಮೊದಲು. ಎತ್ತಿನ ಗಾಡಿಗೆಂದು ಕಟ್ಟಿದ ಆ ಸೇತುವೆಯ ಮೇಲೆಯೇ ಹಳಿ ಹಾಸಿ, ಪಕ್ಕದಲ್ಲಿ ರಸ್ತೆ ಉಳಿಸಿಕೊಂಡು, ಬ್ರಾಡ್‌ಗೇಜ್ ಬರುವ ತನಕ ರೈಲು ಓಡಿಸಿದರು. ಸಂರಕ್ಷಣೆ ಎಂದರೆ ಬರೀ ಬೋಗಿಗೆ ಬಣ್ಣ ಹಚ್ಚುವುದಲ್ಲ, ಬೋಗಿ ಓಡಿದ ಇಂಥ ಸೇತುವೆಗಳನ್ನೂ ಕಾಯುವುದು ಎನ್ನುವವರ ಜೊತೆ ನಾನಿದ್ದೇನೆ.

ಸಂತೆಮರಹಳ್ಳಿಗೆ ಮಾತ್ರ ರೈಲು ಬರಲೇ ಇಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಅವರು ಒಂದೇ ಒಂದು ಮತದಿಂದ ಗೆದ್ದ ಕ್ಷೇತ್ರ ಎಂದು ದೇಶಕ್ಕೆಲ್ಲ ಗೊತ್ತಾದ ಊರು ಇದು. ಚಾಮರಾಜನಗರ, ಯಳಂದೂರು, ತಿ. ನರಸೀಪುರಗಳ ಕಡೆಗೆ ದಾರಿ ಕವಲೊಡೆಯುವ ಜಾಗ. ಸಂತೆಯೂ ಉಂಟು, ರೇಷ್ಮೆ ಕಾರ್ಖಾನೆಯೂ ಉಂಟು, ಹಳಿ ಒಂದಿಲ್ಲ. ಬೆಂಗಳೂರು ಪಕ್ಕದ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ದಾರಿಯಾಗಿ ಚಾಮರಾಜನಗರಕ್ಕೆ 142 ಕಿ.ಮೀ. ಮಾರ್ಗ 1996-97ರಲ್ಲೇ ರೈಲ್ವೆ ಬಜೆಟ್ ಸೇರಿತ್ತು. ಅದನ್ನು ನಂಬಿ ಮಕ್ಕಳಿಗೆ ರೈಲು ತೋರಿಸುತ್ತೇವೆ ಎಂದುಕೊಂಡವರು ಈಗ ಮೊಮ್ಮಕ್ಕಳ ಲೆಕ್ಕದಲ್ಲಿದ್ದಾರೆ. ಚಾಮರಾಜನಗರಕ್ಕೆ ಕಾಲಿಟ್ಟರೆ ಅಧಿಕಾರ ಹೋಗುತ್ತದೆ ಎಂದು ಹೆದರಿ ಎಷ್ಟೋ ಮುಖ್ಯಮಂತ್ರಿಗಳು ಈ ಕಡೆ ತಲೆ ಹಾಕಲಿಲ್ಲವಲ್ಲ, ರೈಲಿಗೂ ಅದೇ ಭಯವೇನೋ. ಗುಂಡ್ಲುಪೇಟೆಯವರ ಪಾಡೂ ಬೇರೆಯಲ್ಲ. ಆದರೂ ಐಷಾರಾಮಿ ರೈಲಿನ ನೆರಳು ಅವರ ಮೇಲೆ ಬೀಳುತ್ತದೆ. 2008ರಲ್ಲಿ ಶುರುವಾದ ‘ಗೋಲ್ಡನ್ ಚಾರಿಯಟ್’ ತನ್ನ ಪ್ರವಾಸಿಗರನ್ನು ನಂಜನಗೂಡಿನಲ್ಲಿ ಇಳಿಸಿ, ಗುಂಡ್ಲುಪೇಟೆಯ ರಸ್ತೆಯ ಮೇಲೆ ಬಂಡೀಪುರಕ್ಕೆ ಕರೆದೊಯ್ಯುತ್ತದೆ.

ನೇರಳೆ ಬಣ್ಣದ ಈ ಚಿನ್ನದ ರಥದ ಬೋಗಿಗಳಿಗೆ ಕದಂಬ, ಗಂಗ, ರಾಷ್ಟ್ರಕೂಟ, ಹೊಯ್ಸಳ, ಯದುಕುಲ ಎಂದೆಲ್ಲ ಹೆಸರು. ಊಟದ ಬೋಗಿಗೆ ನಳ, ಬಾರ್‌ಗೆ ಮದಿರಾ. ಆದರೆ ಇವುಗಳಲ್ಲಿ ಯಾವ ರಾಜನೂ ಕೂತದ್ದಿಲ್ಲ. ಎಲ್ಲವೂ ಈ ಕಾಲದಲ್ಲಿ ಮಾಡಿಸಿದವು. ರಾಜಸ್ಥಾನದ ‘ಪ್ಯಾಲೇಸ್ ಆನ್ ವೀಲ್ಸ್’ 1982ರಲ್ಲಿ ಹೊರಟಾಗ ನಿಜವಾದ ಸಂಸ್ಥಾನಿಕರ ಹಳೆಯ ಸಲೂನ್‌ಗಳನ್ನೇ ಜೋಡಿಸಿದ್ದರು. ಹತ್ತು ವರ್ಷ ತುಂಬುವುದರೊಳಗೆ ಅವನ್ನು ಬಿಟ್ಟು ಹೊಸ ಬೋಗಿ ಮಾಡಿಸಬೇಕಾಯಿತು. ಮರದ ಮೈಯ ಬೋಗಿ ಇವತ್ತಿನ ವೇಗ ತಡೆಯುವುದಿಲ್ಲ, ಬೆಂಕಿ ತಡೆಯುವುದಿಲ್ಲ, ಅಪಘಾತದಲ್ಲಿ ಕಡ್ಡಿಪೆಟ್ಟಿಗೆಯಂತೆ ನುಚ್ಚಾಗುತ್ತದೆ. ಅದನ್ನು ಓಡಿಸುತ್ತ ಉಳಿಸಿಕೊಳ್ಳುತ್ತೇವೆ ಎನ್ನುವುದು ಆಗದ ಮಾತು. ಓಡಬೇಕಾದದ್ದು ಹೊಸದಾಗಿರಲಿ, ಹಳೆಯದು ನಿಂತಲ್ಲೇ ನಿಲ್ಲಲಿ.

ನಿಂತದ್ದನ್ನು ಉಳಿಸುವುದೇನೂ ಸುಲಭವಲ್ಲ. ಮರದ ಬೋಗಿಯ ಮೊದಲ ವೈರಿ ಮಳೆ, ಅದು ಒಳಗೆ ಬರುವುದು ಚಾವಣಿಯಿಂದ. ಹಳೆಯ ಬೋಗಿಗಳ ಚಾವಣಿ ಎಂದರೆ ಹಲಗೆ ಜೋಡಿಸಿ, ಮೇಲೆ ಕ್ಯಾನ್ವಾಸ್ ಬಟ್ಟೆ ಬಿಗಿದು, ಅದರ ಮೇಲೆ ಬಣ್ಣ ಬಳಿದದ್ದು. ಬಿಸಿಲಿಗೆ ಬಟ್ಟೆ ಬಿರಿದರೆ ನೀರು ಹಲಗೆಗೆ ಇಳಿಯುತ್ತದೆ, ಹಲಗೆಯಿಂದ ಕಂಬಕ್ಕೆ, ಕಂಬದ ಬುಡ ಕೂತಿರುವ ಕಬ್ಬಿಣದ ಚೌಕಟ್ಟಿಗೆ. ಹೊರಗೆ ಬಣ್ಣ ಥಳಥಳ ಎನ್ನುತ್ತಿರುವಾಗಲೇ ಒಳಗೆ ಕಂಬದ ಬುಡ ಹುಡಿಯಾಗಿರುತ್ತದೆ. ಆಮೇಲೆ ಗೆದ್ದಲು. ತೇಗಕ್ಕೆ ಗೆದ್ದಲು ಬೇಗ ಹತ್ತುವುದಿಲ್ಲ ನಿಜ, ಆದರೆ ಹಿಂದೆ ಯಾವಾಗಲೋ ರಿಪೇರಿಗೆಂದು ಸೇರಿಸಿದ ಅಗ್ಗದ ಮರಕ್ಕೆ ಹತ್ತಿ, ಅಲ್ಲಿಂದ ಪಕ್ಕಕ್ಕೆ ಹರಡುತ್ತದೆ. ಆದ್ದರಿಂದ ಬಲ್ಲವರು ಬಣ್ಣದ ಡಬ್ಬಿ ಕೊನೆಗೆ ತೆಗೆಯುತ್ತಾರೆ. ಮೊದಲು ಬೋಗಿಯ ಮೇಲೊಂದು ಸೂರು. ಆಮೇಲೆ ಫೋಟೋ, ಅಳತೆ, ನಕ್ಷೆ. ಕಳಚಿದ ಪ್ರತಿ ಹಲಗೆಗೂ ಒಂದು ಗುರುತು, ಇಲ್ಲದಿದ್ದರೆ ಮತ್ತೆ ಕೂರಿಸುವಾಗ ಯಾವುದು ಎಲ್ಲಿಯದು ಎಂದು ಗೊತ್ತಾಗುವುದಿಲ್ಲ.

ಬಣ್ಣದ ವಿಷಯದಲ್ಲೂ ಆತುರ ಸಲ್ಲದು. ನೂರಿಪ್ಪತ್ತು ವರ್ಷದ ಬೋಗಿಯ ಮೈ ಮೇಲೆ ಒಂದರ ಮೇಲೊಂದು ಬಳಿದ ಬಣ್ಣಗಳು ಪದರ ಪದರವಾಗಿ ಕೂತಿರುತ್ತವೆ. ಬೆರಳಗಲದ ಜಾಗದಲ್ಲಿ ಮೆಲ್ಲಗೆ ಉಜ್ಜುತ್ತ ಹೋದರೆ, ಮೈಸೂರು ಸಂಸ್ಥಾನ 1919ರಲ್ಲಿ ರೈಲನ್ನು ಸ್ವತಃ ನಡೆಸತೊಡಗಿದ ಕಾಲದ ಬಣ್ಣ ಯಾವುದು, 1951ರಲ್ಲಿ ದಕ್ಷಿಣ ರೈಲ್ವೆ ಹುಟ್ಟಿದ ಮೇಲೆ ಬಳಿದದ್ದು ಯಾವುದು ಎಂದು ಓದಬಹುದು. ಮರಳು ಕಾಗದ ಹಾಕಿ ಒಂದೇ ಏಟಿಗೆ ಉಜ್ಜಿದರೆ ಅಷ್ಟೂ ಚರಿತ್ರೆ ಪುಡಿಯಾಗಿ ನೆಲಕ್ಕೆ. ಒಳಗಿನ ಮರಕ್ಕೆ ಹಿಂದೆ ಹಾಕುತ್ತಿದ್ದದ್ದು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಮತ್ತೆ ಮತ್ತೆ ತಿಕ್ಕುವ ಪಾಲಿಶ್. ದಿನಗಟ್ಟಲೆ ಹಿಡಿಯುವ ಕೆಲಸ. ಅದರ ಜಾಗದಲ್ಲಿ ಪ್ಲಾಸ್ಟಿಕ್ ಹೊಳಪಿನ ವಾರ್ನಿಷ್ ಸಿಂಪಡಿಸಿದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ, ಬೋಗಿ ಮದುವೆ ಛತ್ರದ ಸೋಫಾ ಥರ ಕಾಣುತ್ತದೆ.

ದಂತದ ವಿಷಯ ಬಂದರೆ ನಮ್ಮ ಜಿಲ್ಲೆಯವರಿಗೆ ನೆನಪೇ ಬೇರೆ. 1870ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ ಚಾಮರಾಜನಗರದ ಸಮೀಪದಲ್ಲೇ ಖೆಡ್ಡಾ ಮಾಡಿ ಬಿಳಿಗಿರಿರಂಗನ ಬೆಟ್ಟದ ಕಡೆಯ ಆನೆ ಹಿಂಡನ್ನು ಹಿಡಿಸಿದ. ನೂರು ವರ್ಷದ ನಂತರ ಗೋಪಿನಾಥಂನ ವೀರಪ್ಪನ್ ದಂತಕ್ಕಾಗಿ ಆನೆಗಳನ್ನು ಕೊಂದ. 1986ರ ಕಾನೂನು ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರ ನಿಲ್ಲಿಸಿತು, 1991ರದ್ದು ಆಫ್ರಿಕಾದ ದಂತಕ್ಕೂ ಬಾಗಿಲು ಮುಚ್ಚಿತು. ಬೀಟೆ ಮರದಲ್ಲಿ ದಂತ ಕೂರಿಸಿ ಹೆಸರು ಮಾಡಿದ್ದ ಮೈಸೂರಿನ ಕುಸುರಿ ಕೆಲಸದವರು ಬಣ್ಣ ಬಣ್ಣದ ಮರದ ಚೂರುಗಳಿಗೆ, ಪ್ಲಾಸ್ಟಿಕ್ಕಿಗೆ ಹೊರಳಿಕೊಂಡರು. ಹಾಗಾದರೆ ಸಲೂನಿನ ದಂತದ ಎಲೆಯೊಂದು ಉದುರಿದರೆ ಏನು ಮಾಡಬೇಕು? ನನ್ನ ಮಟ್ಟಿಗೆ ಉತ್ತರ ಸರಳ: ಆ ಗುಳಿಯನ್ನು ಹಾಗೇ ಬಿಡಬೇಕು. ಬಿಳಿ ಪ್ಲಾಸ್ಟಿಕ್ ತುಂಬಿ ನೋಡುವವರನ್ನು ಮೋಸ ಮಾಡುವುದಕ್ಕಿಂತ, ಇಲ್ಲೊಂದು ದಂತದ ಚೂರು ಇತ್ತು, ಈಗ ಅದನ್ನು ಹಾಕುವಂತಿಲ್ಲ, ಕಾರಣ ಇದು ಎಂದು ಒಂದು ಸಾಲು ಬರೆದಿಟ್ಟರೆ ಶಾಲೆಯ ಮಕ್ಕಳಿಗೆ ಆನೆಯ ಪಾಠವೂ ಆಯಿತು.

ಬಟ್ಟೆಗೆ ಅಂಥ ಅಡ್ಡಿಯಿಲ್ಲ. ಕುರ್ಚಿ, ದಿಂಬು, ಪರದೆ ಎಲ್ಲಕ್ಕಿಂತ ಬೇಗ ಹಾಳಾಗುವಂಥವು, ಬದಲಾಯಿಸಲೇಬೇಕಾದವು. ಆಗ ಸಿಕ್ಕಿದ ರೆಕ್ಸಿನ್ ಹೊದಿಸುವುದಕ್ಕಿಂತ, ಉಳಿದ ಹಳೆಯ ಚಿಂದಿಯನ್ನು ನೋಡಿ ಅದೇ ನೇಯ್ಗೆ ಮಾಡಿಸಬಹುದಲ್ಲ. ಮೈಸೂರಿನಲ್ಲಿ 1912ರಿಂದ ರೇಷ್ಮೆ ನೇಯುವ ಸರ್ಕಾರಿ ಕಾರ್ಖಾನೆಯಿದೆ. ಗೂಡು ಬೆಳೆಯುವವರು, ನೂಲು ಬಿಚ್ಚುವವರು ಸಂತೆಮರಹಳ್ಳಿ, ಕೊಳ್ಳೇಗಾಲ, ಮಾಂಬಳ್ಳಿಯ ಕಡೆ ಇದ್ದಾರೆ. ಮಹಾರಾಣಿಯ ದಿಂಬಿಗೆ ಬೇರೆ ಊರಿನಿಂದ ಬಟ್ಟೆ ತರಿಸಬೇಕಾದ ಬಡತನ ನಮಗಿಲ್ಲ.

ಎಷ್ಟು ಹಳೆಯದಕ್ಕೆ ಹಿಂದಿರುಗಬೇಕು ಎಂಬುದು ಇನ್ನೊಂದು ಜಗಳ. ಇಂಗ್ಲೆಂಡಿನ ಯಾರ್ಕ್ ಮ್ಯೂಸಿಯಂನಲ್ಲಿ ವಿಕ್ಟೋರಿಯಾ ರಾಣಿಯ ಸಲೂನಿದೆ. 1869ರಲ್ಲಿ ಮಾಡಿದಾಗ ಅದು ಆರಾರು ಗಾಲಿಯ ಎರಡು ಬೇರೆ ಬೋಗಿಗಳು, ನಡುವೆ ಓಡಾಡಲು ತಿದಿಯಂಥ ಮಡಿಕೆಯ ದಾರಿ. ರಾಣಿಗೆ ಒಗ್ಗಿದ ಒಳಾಂಗಣ ಬದಲಾಗುವುದು ಬೇಕಿರಲಿಲ್ಲ. ಹಾಗಾಗಿ 1895ರಲ್ಲಿ ಎರಡೂ ಮೈಗಳನ್ನು ಸೇರಿಸಿ ಹನ್ನೆರಡು ಗಾಲಿಯ ಒಂದೇ ಚೌಕಟ್ಟಿನ ಮೇಲೆ ಕೂರಿಸಿದರು. ಅದನ್ನು ಮತ್ತೆ ಕೊಯ್ದು ಎರಡು ಮಾಡಿ 1869ರ ರೂಪಕ್ಕೆ ತರುತ್ತೇವೆ ಎಂದು ಅಲ್ಲಿ ಯಾರೂ ಹೊರಡಲಿಲ್ಲ, ಸದ್ಯ. ಬೋಗಿ ಬದುಕಿದ ಬದುಕೇ ಅದರ ಚರಿತ್ರೆ. ನಮ್ಮ ಸಲೂನಿನಲ್ಲೂ ಒಂದು ಕಾಲದ ದೀಪ ಹೋಗಿ ಇನ್ನೊಂದು ಕಾಲದ ದೀಪ ಬಂದಿದ್ದರೆ ಎರಡರ ಗುರುತೂ ಇರಲಿ.

ಮೈಸೂರಿನ ಮ್ಯೂಸಿಯಂ ಶುರುವಾದದ್ದು 1979ರಲ್ಲಿ, ದೆಹಲಿಯದ್ದು ಬಾಗಿಲು ತೆರೆದ ಎರಡು ವರ್ಷಕ್ಕೆ. ದೇಶದಲ್ಲಿ ಅಂಥದ್ದು ಎರಡನೆಯದು. ಅಲ್ಲಿನ ಶ್ರೀರಂಗ ಪೆವಿಲಿಯನ್‌ನಲ್ಲಿ ರಾಜಮನೆತನದ ಬೋಗಿಗಳಿವೆ, ಚಾಮುಂಡಿ ಗ್ಯಾಲರಿಯಲ್ಲಿ ಹಳೆಯ ಫೋಟೋಗಳಿವೆ, ಹಳಿಯ ಮೇಲೆ ಓಡುತ್ತಿದ್ದ ಆಸ್ಟಿನ್ ಕಾರೂ ಇದೆ. 2019-20ರ ಸುಮಾರಿಗೆ ಇಡೀ ಆವರಣವನ್ನು ಹೊಸದಾಗಿ ಅಂದಗೊಳಿಸಿದರು. ಒಳ್ಳೆಯದೇ ಆಯಿತು. ಅಂದಗೊಳಿಸಿದ್ದರಲ್ಲಿ ಅರ್ಧ ಪಾಲು ಮಾಹಿತಿಗೂ ಸಿಕ್ಕಿದ್ದರೆ ಇನ್ನೂ ಒಳ್ಳೆಯದಿತ್ತು. ಅಡುಗೆಮನೆಯಲ್ಲಿ ಏನೇನು ಎಲ್ಲೆಲ್ಲಿ ಇರುತ್ತಿತ್ತು, ನೀರು ಹೇಗೆ ತುಂಬುತ್ತಿದ್ದರು, ಸೇವಕರು ಎಲ್ಲಿ ಮಲಗುತ್ತಿದ್ದರು ಎಂಬುದನ್ನು ನೋಡುವವರು ತಾವೇ ಊಹಿಸಿಕೊಳ್ಳುವಂತಾಗಬಾರದು. ಕನ್ನಡದಲ್ಲಿ, ಮಕ್ಕಳಿಗೂ ಅರ್ಥವಾಗುವ ಹಾಗೆ, ಒಂದು ಒಳನಕ್ಷೆ ಬೋಗಿಯ ಪಕ್ಕದಲ್ಲಿ ನಿಲ್ಲಿಸಲು ಹೆಚ್ಚು ಖರ್ಚೇನೂ ಇಲ್ಲ.

ಇದಕ್ಕಿಂತ ತುರ್ತಾದ ಕೆಲಸ ಮತ್ತೊಂದಿದೆ. ಮೈಸೂರಿನ ಅಶೋಕಪುರಂ ರೈಲ್ವೆ ಕಾರ್ಯಾಗಾರ 1924ರಲ್ಲಿ ಶುರುವಾಯಿತು. ಮರದ ಬೋಗಿ ಬಿಚ್ಚಿ ಜೋಡಿಸಿದ, ಅರಗಿನ ಪಾಲಿಶ್ ಹಾಕಿದ, ಕ್ಯಾನ್ವಾಸ್ ಚಾವಣಿ ಬಿಗಿದ ಕೈಗಳು ಅಲ್ಲಿಂದ ನಿವೃತ್ತಿಯಾಗಿ ಊರುಗಳಿಗೆ ಮರಳಿವೆ. ಪುಸ್ತಕದಲ್ಲಿ ಇಲ್ಲದ್ದು ಆ ಕೈಗಳಿಗೆ ಗೊತ್ತಿದೆ. ಈ ಲೇಖನ ಓದುವವರ ಮನೆಯಲ್ಲಿ ಅಥವಾ ಬೀದಿಯಲ್ಲಿ ಅಂಥ ಹಿರಿಯರು ಇದ್ದರೆ, ಮೊಬೈಲನ್ನು ಎದುರಿಗಿಟ್ಟು ಅವರ ಮಾತು ಹಿಡಿದಿಡಿ. ಹಳೆಯ ಫೋಟೋ, ಕೆಲಸದ ಡೈರಿ, ಉಪಕರಣ ಇದ್ದರೆ ಗುಜರಿಗೆ ಹಾಕುವ ಮೊದಲು ಮ್ಯೂಸಿಯಂನವರಿಗೆ ತೋರಿಸಿ. ಮುಂದಿನ ಸಲ ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋದಾಗ ಮಹಾರಾಣಿಯ ಬೋಗಿಯಲ್ಲಿ ಮೊದಲು ಅಡುಗೆಮನೆಯನ್ನು ತೋರಿಸಿ, ಮಂಚ ಕುರ್ಚಿಗಳನ್ನು ಆಮೇಲೆ ನೋಡಿದರಾಯಿತು.